ಪರದೆ ಮೇಲೆ ನಡೆದದ್ದು ಬೇರೆ, ಶೂಟಿಂಗ್‌ನಲ್ಲಿ ನಡೆದದ್ದು ಬೇರೆ

ಮಾನ್ಯ ಸಂಪಾದಕರೇ,

ವಿವಾದಿತ ಕಲ್ಟ್ ಸಿನಿಮಾ (ಸಣ್ಣದಾದರೂ ಕಟ್ಟಾ ಅಭಿಮಾನಿ ಬಳಗ ಇರುವ ಸಿನಿಮಾ), ಅನಿಮೆಗಳ (ಜಪಾನಿನ ಅನಿಮೇಶನ್ ಚಿತ್ರಗಳ) ಬಗ್ಗೆ ಗಂಟೆಗಟ್ಟಲೆ ಮಾತಾಡುವ ಪಾಡ್‌ಕಾಸ್ಟ್‌ಗಳು ಹುಡುಗರ ತಲೆ ಕೆಡಿಸುತ್ತಿವೆ, ಇವಕ್ಕೆ ಯಾರಾದರೂ ಮೂಗುದಾರ ಹಾಕಬೇಕು ಅನ್ನುವ ಲೇಖನವನ್ನು ನಿಮ್ಮ ಪತ್ರಿಕೆಯಲ್ಲಿ ಓದಿದೆ. ನಾನು ಇಂಥ ಪಾಡ್‌ಕಾಸ್ಟ್‌ಗಳನ್ನು ವರ್ಷಗಳಿಂದ ಕೇಳುತ್ತಾ ಬಂದಿದ್ದೇನೆ. ಲೇಖಕರ ಆತಂಕ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಆದರೆ ಮೂಗುದಾರದ ಮಾತು ನನಗೆ ಒಪ್ಪಿಗೆಯಿಲ್ಲ. ಈ ಸಿನಿಮಾಗಳ ಬಗ್ಗೆ ಮಾತು ಬೇಕು, ಇನ್ನೂ ಜಾಸ್ತಿ ಬೇಕು. ನನ್ನ ದೂರು ಬೇರೆಯೇ ಇದೆ, ಅದನ್ನು ಆ ಲೇಖನ ಮುಟ್ಟಲೇ ಇಲ್ಲ.

ಕಥೆಯೊಳಗೆ ತೋರಿಸುವ ಹಿಂಸೆ ಒಂದು. ಆ ಕಥೆಯನ್ನು ಸಿನಿಮಾ ಮಾಡುವಾಗ ನಿಜವಾದ ಮನುಷ್ಯರಿಗೋ ಪ್ರಾಣಿಗಳಿಗೋ ಆದ ಹಿಂಸೆ ಇನ್ನೊಂದು. ಬಹಳಷ್ಟು ಪಾಡ್‌ಕಾಸ್ಟ್‌ಗಳು ಇವೆರಡನ್ನೂ ಒಂದೇ ತಕ್ಕಡಿಗೆ ಹಾಕಿ, ಮೈ ನಡುಗಿಸುವ ಹತ್ತು ಸಿನಿಮಾ ಅಂತ ಪಟ್ಟಿ ಮಾಡಿ, ನಗುನಗುತ್ತಾ ಮುಂದೆ ಹೋಗುತ್ತವೆ. ಮೊದಲನೆಯದರ ಬಗ್ಗೆ ಎಷ್ಟು ಬೇಕಾದರೂ ಜಗಳ ಆಡಿ, ಅದು ರುಚಿಯ ಪ್ರಶ್ನೆ, ಕಲೆಯ ಪ್ರಶ್ನೆ. ಎರಡನೆಯದರಲ್ಲಿ ನಿಜವಾಗಿ ನೋವು ತಿಂದವರು ಇದ್ದಾರೆ. ಅವರ ವಿಷಯ ಬಂದಾಗ ಮಾತಿನ ಧಾಟಿಯೇ ಬದಲಾಗಬೇಕು ಅಲ್ವಾ?

ಇತ್ತೀಚೆಗೆ ಕೇಳಿದ ಒಂದು ಎಪಿಸೋಡ್ ಬಗ್ಗೆ ಹೇಳುತ್ತೇನೆ, ಯಾರದ್ದು ಅನ್ನುವುದು ಬೇಡ. ಮೂವರು ಸ್ನೇಹಿತರು ಸೇರಿ 1980ರ ಇಟಲಿಯ ಸಿನಿಮಾ 'ಕ್ಯಾನಿಬಲ್ ಹೋಲೋಕಾಸ್ಟ್' ಬಗ್ಗೆ ಮಾತಾಡುತ್ತಿದ್ದರು. ಅಮೆಜಾನ್ ಕಾಡಿಗೆ ಹೋಗಿ ಕಾಣೆಯಾದ ಒಂದು ಸಾಕ್ಷ್ಯಚಿತ್ರ ತಂಡ, ಆಮೇಲೆ ಸಿಕ್ಕಿದ ಅವರ ಫಿಲ್ಮ್ ರೀಲುಗಳು, ಇದು ಕಥೆ. ಅದು ಎಷ್ಟು ನಿಜದಂತೆ ಕಾಣಿಸಿತು ಅಂದರೆ, ಮಿಲಾನ್‌ನಲ್ಲಿ ರಿಲೀಸ್ ಆದ ಕೆಲವೇ ದಿನಗಳಲ್ಲಿ ಸಿನಿಮಾ ಜಪ್ತಿಯಾಯಿತು, ನಟರನ್ನು ನಿಜವಾಗಿಯೂ ಕೊಂದಿದ್ದಾರೆ ಅನ್ನುವ ಅನುಮಾನ ನಿರ್ದೇಶಕ ರುಜ್ಜೆರೊ ದಿಯೊದಾತೊ ಮೇಲೆ ಬಂತು. ಒಂದು ವರ್ಷ ಎಲ್ಲೂ ಕಾಣಿಸಿಕೊಳ್ಳಬಾರದು ಅಂತ ನಟರ ಹತ್ತಿರ ಮೊದಲೇ ಕರಾರು ಮಾಡಿಸಿಕೊಂಡಿದ್ದರು. ಈಗ ಅದೇ ನಟರನ್ನು ಹುಡುಕಿ ಕರೆತಂದು, ನೋಡಿ ಬದುಕಿದ್ದಾರೆ ಅಂತ ತೋರಿಸಬೇಕಾಯಿತು. ಕಂಬಕ್ಕೆ ಚುಚ್ಚಿದ ಹೆಣ್ಣಿನ ದೃಶ್ಯ ಹೇಗೆ ತೆಗೆದದ್ದು ಅಂತಲೂ ಬಿಡಿಸಿ ಹೇಳಬೇಕಾಯಿತು: ಕಬ್ಬಿಣದ ಕಂಬದ ತುದಿಗೆ ಒಂದು ಸೈಕಲ್ ಸೀಟು, ಅದರ ಮೇಲೆ ಕೂತ ನಟಿ, ಬಾಯಲ್ಲಿ ಕಚ್ಚಿಕೊಂಡ ಹಗುರ ಬಾಲ್ಸಾ ಮರದ ತುಂಡು, ಮುಖ ಆಕಾಶದ ಕಡೆಗೆ. ಅಷ್ಟೇ.

ಇದನ್ನೆಲ್ಲ ಆ ಮೂವರು ಚೆನ್ನಾಗಿಯೇ ಹೇಳಿದರು. ಸೈಕಲ್ ಸೀಟಿನ ವಿಷಯಕ್ಕಂತೂ ತುಂಬಾ ಹೊತ್ತು ಕೊಟ್ಟರು. ಆಮೇಲೆ ಒಬ್ಬರು, ಆದರೆ ಆಮೆ ಮಾತ್ರ ನಿಜವಾದದ್ದು ಅಂದರು. ಇನ್ನೊಬ್ಬರು ಅಯ್ಯೋ ಅಂತ ನಕ್ಕರು. ಅಲ್ಲಿಗೆ ಮುಗಿಯಿತು, ಮುಂದಿನ ವಿಷಯ.

ಆಮೆಯೊಂದೇ ಅಲ್ಲ. ಹಂದಿ, ಹಾವು, ಕೋತಿ, ಹೀಗೆ ಹಲವು ಪ್ರಾಣಿಗಳನ್ನು ಕ್ಯಾಮೆರಾ ಮುಂದೆ ನಿಜವಾಗಿ ಕೊಂದರು. ಕೋತಿಯ ದೃಶ್ಯವನ್ನು ಎರಡು ಸಲ ತೆಗೆದರು, ಹಾಗಾಗಿ ಎರಡು ಕೋತಿಗಳು ಸತ್ತವು. ಸತ್ತಿದ್ದಾರೆ ಅಂತ ಎಲ್ಲರೂ ಅಂದುಕೊಂಡ ಮನುಷ್ಯರು ಆರಾಮಾಗಿ ಮನೆಯಲ್ಲಿದ್ದರು. ಆ ಸಿನಿಮಾದಲ್ಲಿ ಇರುವ ನಿಜವಾದ ವಿವಾದ ಈ ಪ್ರಾಣಿಗಳದ್ದು, ಆ ಎಪಿಸೋಡ್‌ನಲ್ಲಿ ಅದಕ್ಕೆ ಸಿಕ್ಕಿದ್ದು ಒಂದು ನಗು. ಆ ಮೂವರು ಕೆಟ್ಟವರಲ್ಲ, ಅವರ ಬೇರೆ ಎಪಿಸೋಡ್‌ಗಳನ್ನು ಕೇಳಿದ್ದೇನೆ, ಪ್ರಾಣಿಗಳ ಬಗ್ಗೆ ಕನಿಕರ ಇರುವವರೇ. ಆದರೆ ಮೈಕ್ ಮುಂದೆ ಕೂತಾಗ ಎಲ್ಲವೂ ಒಂದು ಸ್ವಾರಸ್ಯಕರ ಮಾಹಿತಿಯಾಗಿ ಬಿಡುತ್ತದೆ. ನನ್ನ ತಕರಾರು ಇರುವುದು ಈ ಅಭ್ಯಾಸದ ಮೇಲೆ.

ಮನುಷ್ಯರ ವಿಷಯಕ್ಕೆ ಬಂದರೆ ಇದು ಇನ್ನೂ ಗಂಭೀರ. 1972ರ 'ಲಾಸ್ಟ್ ಟ್ಯಾಂಗೊ ಇನ್ ಪ್ಯಾರಿಸ್' ಬಗ್ಗೆ ಮಾತಾಡದ ಸಿನಿಮಾ ಪಾಡ್‌ಕಾಸ್ಟ್ ಬಹುಶಃ ಇಲ್ಲ. ನಟಿ ಮರಿಯಾ ಷ್ನೈಡರ್‌ಗೆ ಶೂಟಿಂಗ್ ವೇಳೆ 19 ವರ್ಷ. ಎದುರಿಗೆ ಮರ್ಲಾನ್ ಬ್ರಾಂಡೊ, ಅವರಿಗಿಂತ ಸುಮಾರು 28 ವರ್ಷ ದೊಡ್ಡವರು, ಜಗತ್ತೇ ಗುರುತಿಸುವ ನಟ. ಬಲಾತ್ಕಾರದ ಆ ದೃಶ್ಯದಲ್ಲಿ ಬೆಣ್ಣೆ ಬಳಸುವ ವಿಚಾರವನ್ನು ನಿರ್ದೇಶಕ ಬರ್ನಾರ್ಡೊ ಬರ್ತೊಲುಚ್ಚಿ ಮತ್ತು ಬ್ರಾಂಡೊ ತಮ್ಮತಮ್ಮಲ್ಲೇ ನಿರ್ಧರಿಸಿದರು, ಆ ಹುಡುಗಿಗೆ ಮೊದಲೇ ತಿಳಿಸಲಿಲ್ಲ. ನಟಿಯಾಗಿ ಬೇಡ, ಒಬ್ಬ ಹುಡುಗಿಯಾಗಿ ಅವಳು ಹೇಗೆ ಸ್ಪಂದಿಸುತ್ತಾಳೋ ಅದು ತನಗೆ ಬೇಕಿತ್ತು ಅಂತ ಬರ್ತೊಲುಚ್ಚಿಯೇ 2013ರಲ್ಲಿ ಹೇಳಿಕೊಂಡರು. ತಪ್ಪಿತಸ್ಥ ಅನಿಸುತ್ತದೆ, ಆದರೆ ಪಶ್ಚಾತ್ತಾಪ ಇಲ್ಲ ಅಂತಲೂ ಹೇಳಿದರು.

ಈ ಮಾತಿನ ವಿಡಿಯೊ 2016ರ ಕೊನೆಯಲ್ಲಿ ಎಲ್ಲೆಡೆ ಹರಿದಾಡಿ ಗಲಾಟೆ ಆಯಿತು, ಪಾಡ್‌ಕಾಸ್ಟ್‌ಗಳಲ್ಲಿ ಎಪಿಸೋಡ್ ಮೇಲೆ ಎಪಿಸೋಡ್ ಬಂತು. ಆದರೆ ಷ್ನೈಡರ್ ಇದೇ ಮಾತನ್ನು 2007ರಲ್ಲೇ ಹೇಳಿದ್ದರು. ಅವಮಾನ ಆಯಿತು, ಅತ್ತದ್ದು ನಿಜವಾದ ಕಣ್ಣೀರು, ಆಮೇಲೆ ಬ್ರಾಂಡೊ ಸಮಾಧಾನವನ್ನೂ ಹೇಳಲಿಲ್ಲ ಕ್ಷಮೆಯನ್ನೂ ಕೇಳಲಿಲ್ಲ ಅಂತ. ಸ್ಕ್ರಿಪ್ಟ್‌ನಲ್ಲಿ ಇಲ್ಲದ್ದನ್ನು ಮಾಡಿಸಲು ಯಾರಿಗೂ ಹಕ್ಕಿಲ್ಲ, ವಕೀಲರನ್ನು ಕರೆಸಬೇಕಿತ್ತು, ಆದರೆ ಆಗ ಅದು ಗೊತ್ತಿರಲಿಲ್ಲ ಅಂತಲೂ ಹೇಳಿದ್ದರು. ಆಗ ಯಾರೂ ಕಿವಿಗೊಡಲಿಲ್ಲ. 2011ರಲ್ಲಿ ಅವರು ತೀರಿಕೊಂಡರು. ನಿರ್ದೇಶಕ ಬಾಯಿ ಬಿಟ್ಟ ಮೇಲೆ ಮಾತ್ರ ಅದು ಸುದ್ದಿಯಾಯಿತು. ಇದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಈ ಒಂದು ಘಟನೆಯನ್ನು ಪಾಡ್‌ಕಾಸ್ಟ್‌ಗಳು ಎರಡೂ ಕಡೆಯಿಂದ ಕೆಡಿಸುತ್ತವೆ. ಕೆಲವರು ಕ್ಯಾಮೆರಾ ಮುಂದೆ ನಿಜವಾಗಿಯೇ ಅತ್ಯಾಚಾರ ನಡೆಯಿತು ಅಂತ ಹೇಳುತ್ತಾರೆ. ಅದು ಸುಳ್ಳು, ಸಂಭೋಗ ನಡೆದಿರಲಿಲ್ಲ, ಷ್ನೈಡರ್ ಕೂಡ ಹಾಗೆ ಹೇಳಿಲ್ಲ. ಇನ್ನು ಕೆಲವರು, ಬರೀ ನಟನೆ ತಾನೇ, ದೊಡ್ಡದು ಮಾಡ್ತಾರೆ ಅಂತ ಕೈ ತೊಳೆದುಕೊಳ್ಳುತ್ತಾರೆ. ಆ ದೃಶ್ಯವೇ ಮೂಲ ಸ್ಕ್ರಿಪ್ಟ್‌ನಲ್ಲಿ ಇರಲಿಲ್ಲ ಅನ್ನುವುದು ಷ್ನೈಡರ್ ಮಾತು. ಹಿಂಸೆ ಸ್ಕ್ರಿಪ್ಟ್‌ನಲ್ಲಿತ್ತು, ಬೆಣ್ಣೆಯ ವಿಷಯ ಮಾತ್ರ ಹೊಸದು ಅನ್ನುವುದು ಬರ್ತೊಲುಚ್ಚಿ ಮಾತು. ಇಬ್ಬರ ಮಾತೂ ಪೂರ್ತಿ ಹೊಂದುವುದಿಲ್ಲ. ಇದನ್ನು ಹೇಳಲು ಎರಡು ನಿಮಿಷ ಸಾಕು. ಆ ಎರಡು ನಿಮಿಷ ಕೊಟ್ಟು, ಮೊದಲು ನಟಿಯ ಮಾತು ಇಟ್ಟು, ಆಮೇಲೆ ನಿರ್ದೇಶಕರ ಮಾತು ಇಟ್ಟು, ಕೇಳುಗರಿಗೆ ಬಿಟ್ಟ ಎಪಿಸೋಡ್‌ಗಳೂ ಇವೆ. ಅಂಥವನ್ನು ಕೇಳಿದ್ದರಿಂದಲೇ ಇದು ಸಾಧ್ಯ ಅಂತ ಧೈರ್ಯವಾಗಿ ಹೇಳುತ್ತಿದ್ದೇನೆ.

ಇನ್ನು ಅನಿಮೆ. ನಿಮ್ಮ ಲೇಖಕರು ಅನಿಮೆಯನ್ನು ಕಾರ್ಟೂನ್ ಅಂತ ಬರೆದು, ಮಕ್ಕಳ ಮಾಧ್ಯಮದಲ್ಲಿ ಇಂಥ ಹಿಂಸೆಯೇ ಅಂತ ಕೇಳಿದ್ದಾರೆ. ಅನಿಮೆ ಮಕ್ಕಳಿಗೆ ಮಾತ್ರ ಅಂತ ಯಾರೂ ಹೇಳಿಲ್ಲ. ದೊಡ್ಡವರಿಗೆಂದೇ ಮಾಡಿದ ಅನಿಮೆಗಳು ದಶಕಗಳಿಂದ ಬರುತ್ತಿವೆ. ಅದಕ್ಕಿಂತ ಮುಖ್ಯವಾಗಿ, ನಾನು ಮೇಲೆ ಹೇಳಿದ ವ್ಯತ್ಯಾಸ ಅನಿಮೆಯಲ್ಲಿ ಕಣ್ಣಿಗೆ ಹೊಡೆಯುವ ಹಾಗೆ ಕಾಣುತ್ತದೆ. ಅಲ್ಲಿ ಎಷ್ಟೇ ಭೀಕರ ದೃಶ್ಯವಿರಲಿ, ಅದಕ್ಕಾಗಿ ಕ್ಯಾಮೆರಾ ಮುಂದೆ ಮಲಗಿದವರು ಯಾರೂ ಇಲ್ಲ. ಅದು ಬರೆದ ಚಿತ್ರ.

ಸತೋಷಿ ಕೊನ್ ನಿರ್ದೇಶಿಸಿದ ಮೊದಲ ಸಿನಿಮಾ, 1997ರ 'ಪರ್ಫೆಕ್ಟ್ ಬ್ಲೂ' ನೋಡಿ. ಮೀಮಾ ಅನ್ನುವ ಪಾಪ್ ಗಾಯಕಿ ಹಾಡು ಬಿಟ್ಟು ನಟಿಯಾಗಲು ಹೊರಡುತ್ತಾಳೆ. ಟಿವಿ ಧಾರಾವಾಹಿಯೊಂದರಲ್ಲಿ ಬಲಾತ್ಕಾರದ ದೃಶ್ಯಕ್ಕೆ ಅವಳನ್ನು ಹಾಕುತ್ತಾರೆ. ಈ ದೃಶ್ಯಕ್ಕಾಗಿಯೇ ಸಿನಿಮಾ ಎಲ್ಲ ಪಟ್ಟಿಗಳಲ್ಲೂ ಬರುತ್ತದೆ. ಆದರೆ ಅದನ್ನು ಹೇಗೆ ತೋರಿಸಿದ್ದಾರೆ ಗಮನಿಸಿ. ದೃಶ್ಯ ನಡೆಯುತ್ತಿರುತ್ತದೆ, ಕಿರುಚಾಟ, ಗದ್ದಲ, ನೋಡುವುದಕ್ಕೇ ಆಗುವುದಿಲ್ಲ. ತಟ್ಟನೆ ನಿರ್ದೇಶಕರು ಕಟ್ ಅನ್ನುತ್ತಾರೆ. ಎಲ್ಲ ನಿಲ್ಲುತ್ತದೆ. ಅವಳ ಮೇಲಿದ್ದ ನಟ ಮೆಲ್ಲಗೆ ಸಾರಿ ಅನ್ನುತ್ತಾನೆ. ಅವಳು ಪರವಾಗಿಲ್ಲ ಅನ್ನುವಂತೆ ನಗುತ್ತಾಳೆ. ಮತ್ತೆ ಶುರು. ಆಚೆ ಕೂತು ನೋಡುತ್ತಿದ್ದ ಅವಳ ಮ್ಯಾನೇಜರ್ ತಡೆಯಲಾರದೆ ಅತ್ತು ಎದ್ದು ಹೋಗುತ್ತಾಳೆ. ರಾತ್ರಿ ಮನೆಗೆ ಬಂದ ಮೀಮಾ, ಸಾಕಿದ ಮೀನುಗಳು ಸತ್ತು ತೇಲುತ್ತಿರುವುದನ್ನು ಕಂಡು ಕುಸಿಯುತ್ತಾಳೆ. ತನಗೆ ಅದು ಇಷ್ಟವಿರಲಿಲ್ಲ, ಆದರೆ ತನಗಾಗಿ ದುಡಿದವರಿಗೆ ತೊಂದರೆ ಕೊಡಲು ಆಗಲಿಲ್ಲ ಅಂತ ಅಳುತ್ತಾಳೆ.

ಷ್ನೈಡರ್ ಕಥೆ ಗೊತ್ತಿದ್ದವರಿಗೆ ಈ ದೃಶ್ಯ ನೋಡುವಾಗ ಎದೆಗೆ ಗುದ್ದಿದ ಹಾಗಾಗುತ್ತದೆ. ನಟಿ ಒಪ್ಪಿದಳು ಅಂದಮಾತ್ರಕ್ಕೆ ಎಲ್ಲ ಸರಿಹೋಯಿತೇ ಅನ್ನುವ ಪ್ರಶ್ನೆಯನ್ನು ಒಂದು ಅನಿಮೆ, ಒಬ್ಬ ನಟಿಯನ್ನೂ ಆ ಸ್ಥಿತಿಗೆ ತಳ್ಳದೆ ಕೇಳಿಬಿಟ್ಟಿದೆ. ಇದಕ್ಕಿಂತ ಮಾತಾಡಲು ಬೇರೆ ಏನು ಬೇಕು? ಆದರೂ ನಾನು ಕೇಳಿದ ಬಹುತೇಕ ಎಪಿಸೋಡ್‌ಗಳಲ್ಲಿ, ಯಾವ ಹಾಲಿವುಡ್ ಸಿನಿಮಾ ಇದರಿಂದ ಯಾವ ಶಾಟ್ ಎತ್ತಿಕೊಂಡಿತು ಅನ್ನುವುದರಲ್ಲೇ ಅರ್ಧ ಹೊತ್ತು ಕಳೆಯುತ್ತದೆ. ಸಾರಿ ಅನ್ನುವ ಆ ಒಂದು ಕ್ಷಣವನ್ನು ಎತ್ತಿ ತೋರಿಸಿದವರು ಕಡಿಮೆ.

ಅನಿಮೆಯಿಂದ ಯಾರಿಗೂ ನಿಜವಾದ ತೊಂದರೆ ಆಗಿಲ್ಲ ಅಂತಲೂ ಅಲ್ಲ. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಪ್ರಸಾರವಾದ ಪೊಕೆಮಾನ್ ಕಂತಿನಲ್ಲಿ ಕೆಂಪು, ನೀಲಿ ಬೆಳಕು ಕೆಲವು ಸೆಕೆಂಡು ಅತಿ ವೇಗದಲ್ಲಿ ಮಿನುಗಿತು. ಮಕ್ಕಳಿಗೆ ತಲೆಸುತ್ತು, ವಾಂತಿ, ಕೆಲವರಿಗೆ ಫಿಟ್ಸ್. 685 ಮಂದಿಯನ್ನು ಆಸ್ಪತ್ರೆಗೆ ಕರೆದೊಯ್ದರು. ಧಾರಾವಾಹಿ ನಾಲ್ಕು ತಿಂಗಳು ನಿಂತಿತು, ಆಮೇಲೆ ಮಿನುಗುವ ದೃಶ್ಯಗಳಿಗೆ ನಿಯಮ ಬಂತು. ನೋಡುವವರ ಮೈಗೆ ನೇರವಾಗಿ ಪೆಟ್ಟು ಕೊಟ್ಟ ಅನಿಮೆ ಅಂದರೆ ಇದು, ಇದರಲ್ಲಿ ರಕ್ತವೂ ಇಲ್ಲ, ಬೆತ್ತಲೆಯೂ ಇಲ್ಲ. ಅಂದು ಸಂಜೆ ಟಿವಿ ಸುದ್ದಿಯಲ್ಲಿ ಅದೇ ತುಣುಕನ್ನು ಮತ್ತೆ ತೋರಿಸಿ ಇನ್ನಷ್ಟು ಮಕ್ಕಳಿಗೆ ತೊಂದರೆ ಆಯಿತು ಅನ್ನುವುದನ್ನು ಮಾತ್ರ ಪಾಡ್‌ಕಾಸ್ಟ್ ಮಾಡುವವರು ಗೋಡೆಗೆ ಬರೆದು ಅಂಟಿಸಿಕೊಳ್ಳಬೇಕು. ಆದ ಅನಾಹುತದ ಬಗ್ಗೆ ಹೇಳಲು ಹೋಗಿ ಅದನ್ನೇ ಮತ್ತೆ ಮಾಡಿಬಿಡಬಹುದು. ಇನ್ನು ಒಂದೊಂದು ಹಾಳೆಗೆ ಇಷ್ಟು ಅಂತ ಕಡಿಮೆ ಕೂಲಿಗೆ ಚಿತ್ರ ಬರೆಯುವ ಕಲಾವಿದರ ಪಾಡೂ ಇದೆ. ಅನಿಮೆಯ ಶೂಟಿಂಗ್ ಸೆಟ್ ಅಂದರೆ ಅವರ ಮೇಜು ತಾನೇ. ಅದನ್ನು ವಿವಾದ ಅಂತ ಯಾವ ಪಟ್ಟಿಯಲ್ಲೂ ಹಾಕುವುದಿಲ್ಲ.

ನಿಷೇಧದ ಕಥೆಗಳದ್ದೂ ಇದೇ ಹಣೆಬರಹ. ಬ್ಯಾನ್ ಆಗಿತ್ತು ಅಂದರೆ ಕೇಳುಗರು ಹೆಚ್ಚು, ಹಾಗಾಗಿ ಎಲ್ಲವೂ ಬ್ಯಾನ್. ಸ್ಟ್ಯಾನ್ಲಿ ಕುಬ್ರಿಕ್ ಅವರ 'ಎ ಕ್ಲಾಕ್‌ವರ್ಕ್ ಆರೆಂಜ್' ಬ್ರಿಟನ್ನಿನಲ್ಲಿ ನಿಷೇಧ ಆಗಿತ್ತು ಅಂತ ಎಷ್ಟು ಸಲ ಕೇಳಿದ್ದೇನೋ. ಅಲ್ಲಿನ ಸೆನ್ಸಾರ್ ಅದನ್ನು ಕತ್ತರಿ ಹಾಕದೆ ಪಾಸ್ ಮಾಡಿತ್ತು. ಕುಟುಂಬಕ್ಕೆ ಬೆದರಿಕೆ ಬಂದ ಮೇಲೆ 1973ರಲ್ಲಿ ಅದನ್ನು ಅಲ್ಲಿಂದ ಹಿಂದಕ್ಕೆ ತೆಗೆಸಿದವರು ಸ್ವತಃ ಕುಬ್ರಿಕ್. ಅವರು 1999ರಲ್ಲಿ ತೀರಿಕೊಂಡ ಮೇಲೆಯೇ, 2000ದಲ್ಲಿ, ಅದು ಅಲ್ಲಿನ ಥಿಯೇಟರುಗಳಿಗೆ ವಾಪಸ್ ಬಂತು. ತಾನು ಮಾಡಿದ ಸಿನಿಮಾವನ್ನು ತಾನೇ ಜನರಿಂದ ದೂರ ಇಡುವುದು ಎಂಥ ವಿಚಿತ್ರ ಸಂಕಟ! ಅದರ ಬಗ್ಗೆ ಒಂದು ಗಂಟೆ ಮಾತಾಡಬಹುದಿತ್ತು. ಸರ್ಕಾರ ಬ್ಯಾನ್ ಮಾಡಿತು ಅಂದುಬಿಟ್ಟರೆ ಆ ಸಂಕಟವೇ ಮಾಯ.

2000ದ ಜಪಾನಿ ಸಿನಿಮಾ 'ಬ್ಯಾಟಲ್ ರಾಯಲ್' ಅಮೆರಿಕದಲ್ಲಿ ಬ್ಯಾನ್ ಆಗಿತ್ತು ಅನ್ನುವುದೂ ಅಂಥದ್ದೇ ಇನ್ನೊಂದು. ಯಾರೂ ನಿಷೇಧಿಸಿರಲಿಲ್ಲ, ಸುಮಾರು ಹತ್ತು ವರ್ಷ ಅಲ್ಲಿ ಅಧಿಕೃತವಾಗಿ ಬಿಡುಗಡೆ ಆಗಲಿಲ್ಲ ಅಷ್ಟೇ. ಶಾಲಾ ಮಕ್ಕಳು ಒಬ್ಬರನ್ನೊಬ್ಬರು ಕೊಲ್ಲುವ ಕಥೆ ಅಂತ ಜಪಾನಿನ ಸಂಸತ್ತಿನಲ್ಲಿ ಅದರ ವಿರುದ್ಧ ದನಿ ಎದ್ದದ್ದು ನಿಜ. ನಿರ್ದೇಶಕ ಕಿಂಜಿ ಫುಕಸಾಕು 15ನೇ ವಯಸ್ಸಿನಲ್ಲಿ, ಯುದ್ಧದ ಕೊನೆಯಲ್ಲಿ, ಸಹಪಾಠಿಗಳ ಜೊತೆ ಮದ್ದುಗುಂಡಿನ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಶೆಲ್ ದಾಳಿಯಲ್ಲಿ ಗೆಳೆಯರು ಸತ್ತರು, ಉಳಿದವರೇ ಹೆಣಗಳನ್ನು ಎತ್ತಬೇಕಾಯಿತು. ದೊಡ್ಡವರು ಹೇಳಿದ್ದನ್ನು ನಂಬಿ ಮಕ್ಕಳು ಸಾಯುವುದನ್ನು ಕಣ್ಣಾರೆ ಕಂಡವರು 70ನೇ ವಯಸ್ಸಿನಲ್ಲಿ ತೆಗೆದ ಸಿನಿಮಾ ಅದು. ಯಾರು ಯಾವ ಆಯುಧದಿಂದ ಸತ್ತರು ಅಂತ ಎಣಿಸಿ ನಗುವ ಎಪಿಸೋಡ್‌ಗಳಲ್ಲಿ ಇದಕ್ಕೆ ಜಾಗವೇ ಇರುವುದಿಲ್ಲ.

ಇಷ್ಟೆಲ್ಲ ದೂರಿದ ಮೇಲೆ, ಹಾಗಾದರೆ ನಿಮ್ಮ ಲೇಖಕರು ಹೇಳಿದ್ದೇ ಸರಿ ಅಂತ ಯಾರಾದರೂ ಅನ್ನಬಹುದು. ಖಂಡಿತ ಇಲ್ಲ. ಮಾತಾಡದೆ ಮುಚ್ಚಿಟ್ಟರೆ ಏನಾಗುತ್ತದೆ ಅನ್ನುವುದಕ್ಕೂ ಇದೇ ಸಿನಿಮಾಗಳ ಚರಿತ್ರೆ ಸಾಕ್ಷಿ. ಮೈಕಲ್ ಪವೆಲ್ 1960ರಲ್ಲಿ, ಹೆಂಗಸರನ್ನು ಕೊಲ್ಲುತ್ತಾ ಅದನ್ನೇ ಚಿತ್ರೀಕರಿಸುವವನ ಕಥೆಯಾದ 'ಪೀಪಿಂಗ್ ಟಾಮ್' ತೆಗೆದಾಗ ಬ್ರಿಟನ್ನಿನ ವಿಮರ್ಶಕರು ಅದನ್ನು ಹರಿದು ತಿಂದರು. ಅವರಂಥ ದೊಡ್ಡ ನಿರ್ದೇಶಕರಿಗೆ ಆಮೇಲೆ ಅಲ್ಲಿ ಕೆಲಸ ಸಿಗುವುದೇ ಕಷ್ಟವಾಯಿತು. ಸುಮಾರು 20 ವರ್ಷ ಕಳೆದ ಮೇಲೆ, ಮಾರ್ಟಿನ್ ಸ್ಕಾರ್ಸೆಸಿಯಂಥವರು ಮತ್ತೆ ಮತ್ತೆ ಅದರ ಬಗ್ಗೆ ಮಾತಾಡಿ, ಮತ್ತೆ ತೆರೆಗೆ ತರಿಸಿದ್ದರಿಂದ ಅದಕ್ಕೆ ಮರುಜೀವ ಬಂತು.

ಅದೇ ರೀತಿ ಮಾತಿಲ್ಲದೆ ಮುಚ್ಚಿಹೋಗುವುದು ಒಳ್ಳೆಯ ಸಿನಿಮಾ ಮಾತ್ರ ಅಲ್ಲ, ಕೆಟ್ಟ ವಿಷಯವೂ ಹೌದು. ಅಲೆಹಾಂಡ್ರೊ ಹೊದೊರೊವ್‌ಸ್ಕಿಯ 'ಎಲ್ ಟೊಪೊ' 1970ರ ಡಿಸೆಂಬರ್‌ನಿಂದ ನ್ಯೂಯಾರ್ಕಿನ ಎಲ್ಗಿನ್ ಥಿಯೇಟರಿನಲ್ಲಿ ತಿಂಗಳುಗಟ್ಟಲೆ ನಡುರಾತ್ರಿ ಓಡಿತು. ಕಲ್ಟ್ ಸಿನಿಮಾದ ಕಥೆ ಶುರುವಾಗುವುದೇ ಅಲ್ಲಿಂದ ಅಂತ ಹೇಳುವವರಿದ್ದಾರೆ. ಅದರಲ್ಲಿರುವ ಬಲಾತ್ಕಾರದ ದೃಶ್ಯ ನಿಜವಾದದ್ದು ಅಂತ ಆ ನಿರ್ದೇಶಕರೇ ಆ ಕಾಲದಲ್ಲಿ ಜಂಬದಿಂದ ಹೇಳಿಕೊಂಡರು. ಆಮೇಲೆ, ಅದು ಪ್ರಚಾರಕ್ಕೆ ಆಡಿದ ಮಾತು, ಹಾಗೇನೂ ನಡೆದಿಲ್ಲ ಅಂದರು. ಅಭಿಮಾನಿಗಳು ಇದನ್ನು ದಶಕಗಳ ಕಾಲ ಒಂದು ತಮಾಷೆಯ ದಂತಕಥೆಯಂತೆ ದಾಟಿಸಿಕೊಂಡು ಬಂದರು. 2019ರಲ್ಲಿ ನ್ಯೂಯಾರ್ಕಿನ ಎಲ್ ಮ್ಯೂಸಿಯೊ ದೆಲ್ ಬಾರ್ರಿಯೊ ಅನ್ನುವ ಕಲಾ ಸಂಗ್ರಹಾಲಯ ಇದೇ ಕಾರಣಕ್ಕೆ ಅವರ ಪ್ರದರ್ಶನವನ್ನು ರದ್ದು ಮಾಡಿದಾಗ ಎಷ್ಟೋ ಜನ ಮೊದಲ ಸಲ ಇದರ ಬಗ್ಗೆ ಯೋಚಿಸಿದರು. ಮಾತು ನಿಂತಿದ್ದರೆ ಇಂಥದ್ದು ಹೊರಗೆ ಬರುತ್ತಲೇ ಇರಲಿಲ್ಲ.

ಹುಡುಗರ ವಿಷಯ. ಒಳ್ಳೆಯ ಪಾಡ್‌ಕಾಸ್ಟ್ ಕೇಳಿದವರು ಎಲ್ಲವನ್ನೂ ಹೋಗಿ ನೋಡುತ್ತಾರೆ ಅಂತ ಲೇಖಕರು ಅಂದುಕೊಂಡಿದ್ದಾರೆ. ನನ್ನ ಅನುಭವ ಉಲ್ಟಾ. ಇಟಲಿಯ ನಿರ್ದೇಶಕ ಪಸೋಲಿನಿಯ, ಚಿತ್ರಹಿಂಸೆಯ ದೃಶ್ಯಗಳೇ ತುಂಬಿದ 'ಸಾಲೊ' ಸಿನಿಮಾ ಬಗ್ಗೆ ಒಂದು ಒಳ್ಳೆಯ ಎಪಿಸೋಡ್ ಕೇಳಿದ ಮೇಲೆ ಅದನ್ನು ನಾನು ನೋಡುವುದಿಲ್ಲ ಅಂತ ತೀರ್ಮಾನಿಸಿದೆ. ಅದು ಯಾಕೆ ಮುಖ್ಯ ಅನ್ನುವುದು ಅರ್ಥವಾಯಿತು, ನನ್ನಿಂದ ಅದನ್ನು ನೋಡಲು ಆಗುವುದಿಲ್ಲ ಅನ್ನುವುದೂ ಅರ್ಥವಾಯಿತು. ಪಟ್ಟಿ ಮಾಡಿ, ಧೈರ್ಯ ಇದ್ದರೆ ನೋಡಿ ಅಂತ ಸವಾಲು ಹಾಕುವ ಎಪಿಸೋಡ್‌ಗಳು ಹುಡುಗರನ್ನು ಎಳೆದುಕೊಂಡು ಹೋಗುತ್ತವೆ. ಕೂತು ವಿವರಿಸುವವು ಅವರ ಕೈಯಲ್ಲಿ ಆಯ್ಕೆ ಇಡುತ್ತವೆ.

ಪಾಡ್‌ಕಾಸ್ಟ್ ಮಾಡುವವರಲ್ಲಿ ನನ್ನದು ದೊಡ್ಡ ಬೇಡಿಕೆಯೇನೂ ಇಲ್ಲ. ಶೂಟಿಂಗ್‌ನಲ್ಲಿ ಒಬ್ಬರಿಗೆ ನೋವಾದ ಕಥೆ ಹೇಳುವಾಗ, ನೋವು ತಿಂದವರು ಏನು ಹೇಳಿದ್ದಾರೆ ಅಂತ ಮೊದಲು ಹುಡುಕಿ. ನಗು ಬಂದರೆ, ಎಡಿಟ್ ಮಾಡುವಾಗ ಅದನ್ನು ತೆಗೆಯಿರಿ, ನೀವು ಕೆಮ್ಮನ್ನು ತೆಗೆಯುತ್ತೀರಲ್ಲ. ಆ ಭಾಗಕ್ಕೆ ಬೇರೆ ಚಾಪ್ಟರ್ ಗುರುತು ಹಾಕಿ, ಬೇಡದವರು ದಾಟಿ ಹೋಗಲಿ. ತಪ್ಪು ಹೇಳಿದ್ದು ಗೊತ್ತಾದರೆ ಹಳೇ ಫೈಲನ್ನು ಬದಲಾಯಿಸಿ ಸರಿಯಾದದ್ದನ್ನು ಏರಿಸಬಹುದು, ಮುಂದಿನ ಎಪಿಸೋಡ್‌ನಲ್ಲಿ ಹೇಳಲೂಬಹುದು. ಪತ್ರಿಕೆಗಳು ತಿದ್ದುಪಡಿ ಹಾಕುವುದಿಲ್ಲವೇ?

ನಿಮ್ಮಲ್ಲಿ ಒಂದು ಕೋರಿಕೆ. ಸಿನಿಮಾ ಪುಟದಲ್ಲಿ ಹೊಸ ಸಿನಿಮಾಗಳಿಗೆ ವಿಮರ್ಶೆ ಬರುತ್ತದೆ, ವೆಬ್ ಸರಣಿಗಳಿಗೂ ಬರುತ್ತದೆ. ಪಾಡ್‌ಕಾಸ್ಟ್‌ಗಳಿಗೆ ಇಲ್ಲ. ಸಾವಿರಾರು ಜನ ಕೇಳುವ ಮಾತನ್ನು ಯಾರೂ ಅಳೆದು ನೋಡುತ್ತಿಲ್ಲ. ವಾರಕ್ಕೊಂದು ಎಪಿಸೋಡ್ ಆರಿಸಿ, ಪೂರ್ತಿ ಕೇಳಿದವರಿಂದ ಬರೆಸಿ. ಎಲ್ಲಿ ಚೆನ್ನಾಗಿದೆ, ಎಲ್ಲಿ ತಪ್ಪು ಹೇಳಿದ್ದಾರೆ, ಎಲ್ಲಿ ನಗಬಾರದ ಕಡೆ ನಕ್ಕಿದ್ದಾರೆ ಅಂತ ಹೆಸರು ಹಾಕಿಯೇ ಬರೆಯಲಿ. ಶುರು ಮಾಡುವುದಾದರೆ 'ಪರ್ಫೆಕ್ಟ್ ಬ್ಲೂ' ಮೇಲಿನ ಎಪಿಸೋಡ್‌ಗಳಿಂದ ಶುರು ಮಾಡಿ, ಬೇಕಾದಷ್ಟು ಸಿಗುತ್ತವೆ.

ಇಂತಿ,
ನಿಮ್ಮ ಓದುಗ